ಸೂಜಿಗಿಂತ ಮೊದಲು ಬಾಟಲಿ ನೋಡಿ

ತಂಗಿಯ ಕೂಸಿಗೆ ಒಂಬತ್ತು ತಿಂಗಳು ತುಂಬಿದ ವಾರ ಆಯಿ ಒಂದೇ ಮಾತು ಹಿಡಿದಿದ್ದಳು: “ಈ ಸೂಜಿ ಒಂದ ಬ್ಯಾಡ್ರೋ. ರಾಮದುರ್ಗದಾಗ ಏನಾತು, ಮರತ್ರೇನು?”

ಯಾರೂ ಮರೆತಿರಲಿಲ್ಲ. 2022ರ ಜನವರಿಯಲ್ಲಿ ನಮ್ಮದೇ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ದಡಾರ–ರುಬೆಲ್ಲಾ ಲಸಿಕೆ ಹಾಕಿಸಿಕೊಂಡ ಮೂರು ಕೂಸುಗಳು ತೀರಿಕೊಂಡವು. ಲಸಿಕೆಯ ಬಾಟಲಿಗಳನ್ನು ಇಡಬೇಕಾದ ರೀತಿಯಲ್ಲಿ ಇಟ್ಟಿರಲಿಲ್ಲ ಎಂಬ ಸಂಗತಿ ಹೊರಬಿತ್ತು, ಸಿಬ್ಬಂದಿ ಅಮಾನತಾದರು. ಇಷ್ಟೆಲ್ಲ ಕಂಡ ಆಯಿಗೆ “ಏನೂ ಆಗೂದಿಲ್ಲ ಬಿಡು” ಎಂದರೆ ಸಮಾಧಾನವಾಗುವುದಿಲ್ಲ. ಹಾಗಂತ ಲಸಿಕೆ ಬಿಟ್ಟರೆ ದಡಾರ ಬಿಡುವುದಿಲ್ಲ. ಲಸಿಕೆ ಇಲ್ಲದ ಮಕ್ಕಳಲ್ಲಿ ಒಬ್ಬರಿಂದ 12–18 ಮಂದಿಗೆ ಹರಡುವ ರೋಗ ಅದು. ನ್ಯುಮೋನಿಯಾ ತರುತ್ತದೆ, ಕಣ್ಣನ್ನೂ ಕಸಿಯುತ್ತದೆ. ಆದ್ದರಿಂದ ಲಸಿಕೆ ಹಾಕಿಸಲೇಬೇಕು. ಆದರೆ ಕಣ್ಣು ತೆರೆದು ಹಾಕಿಸಬೇಕು.

ಹೊರಡುವ ಮುನ್ನ

ತಾಯಿ ಕಾರ್ಡ್ ಚೀಲಕ್ಕೆ ಹಾಕಿಕೊಳ್ಳಿ. ಕೂಸಿಗೆ ಹಾಲು ಕುಡಿಸಿ, ತೋಳು–ತೊಡೆ ಸುಲಭವಾಗಿ ಸಿಗುವ ಸಡಿಲ ಅಂಗಿ ತೊಡಿಸಿ. ಸಣ್ಣ ನೆಗಡಿ, ಕೆಮ್ಮು ಇದ್ದರೆ ಲಸಿಕೆ ಮುಂದೂಡಬೇಕಿಲ್ಲ. ಜ್ವರ ಜೋರಾಗಿದ್ದರೆ ಅಥವಾ ಹಿಂದಿನ ಡೋಸಿಗೆ ಫಿಟ್ಸ್, ಉಸಿರಾಟದ ತೊಂದರೆ ಆಗಿದ್ದರೆ ಮಾತ್ರ ಹೋದ ಕೂಡಲೇ ಹೇಳಿ.

ಮೇಜಿನ ಮುಂದೆ

ಇಲ್ಲಿ ಅವಸರ ಬೇಡ. ದಡಾರ–ರುಬೆಲ್ಲಾ ಲಸಿಕೆ ಪುಡಿಯಾಗಿ ಬರುತ್ತದೆ. ಹೆಬ್ಬೆರಳಿನಷ್ಟು ಬಾಟಲಿಯ ತಳದಲ್ಲಿ ಅಂಟಿಕೊಂಡಿರುವ ಆ ಪುಡಿಗೆ, ಜೊತೆಗೆ ಬರುವ ಬೇರೆ ಬಾಟಲಿಯ ನೀರನ್ನು ಬೆರೆಸುತ್ತಾರೆ. ಸೂಕ್ಷ್ಮ ಇರುವುದು ಇಲ್ಲೇ. ಇದರಲ್ಲಿ ರೋಗಾಣು ಬೆಳೆಯದಂತೆ ತಡೆಯುವ ಸಂರಕ್ಷಕವಿಲ್ಲ. ನೀರು ಬೆರೆತ ಮೇಲೆ ಒಂದಿಷ್ಟು ಕೊಳೆ ಸೇರಿದರೂ ರೋಗಾಣುಗಳು ಅಲ್ಲೇ ಬೆಳೆದು ವಿಷ ಬಿಡುತ್ತವೆ. ಅದಕ್ಕೇ ನಿಯಮ ಕಟ್ಟುನಿಟ್ಟು: ಬೆರೆಸಿದ ಬಾಟಲಿ ತಂಪಿನಲ್ಲೇ ಇರಬೇಕು, 4 ಗಂಟೆಯೊಳಗೆ ಮುಗಿಯಬೇಕು, ಉಳಿದದ್ದನ್ನು ಎಸೆಯಬೇಕು. ಮರುದಿನಕ್ಕೆ, ಮುಂದಿನ ಊರಿಗೆ ಒಯ್ಯುವಂತಿಲ್ಲ. ಕ್ಷಯ ತಡೆಯಲು ಹಾಕುವ ಬಿಸಿಜಿ ಲಸಿಕೆಗೂ ಇದೇ ನಿಯಮ.

ಬೆರೆಸಿದ ಹೊತ್ತನ್ನು ಬಾಟಲಿಯ ಮೇಲೆ ಬರೆದಿರುತ್ತಾರೆ. “ಅಕ್ಕಾ, ಎಷ್ಟಕ್ಕ ಕಲಸೀರಿ? ಒಮ್ಮಿ ತೋರಸ್ರಿ” ಎಂದು ಕೇಳಿ. ನಾವು ಕೇಳಿದಾಗ ನರ್ಸ್ ಸಿಟ್ಟಾಗಲಿಲ್ಲ. ಬಾಟಲಿ ತಿರುಗಿಸಿ, ಪೆನ್ನಿನಲ್ಲಿ ಬರೆದ 10.20 ಎಂಬುದನ್ನು ಆಯಿಯ ಕಣ್ಣಿಗೇ ಹಿಡಿದರು. ಆಯಿ ಗೋಡೆಯ ಗಡಿಯಾರ ನೋಡಿದಳು. ಹನ್ನೊಂದೂ ಆಗಿರಲಿಲ್ಲ. ಸೆರಗು ಸರಿ ಮಾಡಿಕೊಂಡು ಕೂಸನ್ನು ತಾನೇ ತೊಡೆಯ ಮೇಲೆ ಕೂರಿಸಿಕೊಂಡಳು.

ಇನ್ನೊಂದು ಗುರುತು ಅಕ್ಷರ ಬಾರದವರಿಗೂ ಓದಲು ಬರುತ್ತದೆ. ಬಾಟಲಿಯ ಮೇಲೆ ಒಂದು ವೃತ್ತ, ಅದರೊಳಗೆ ಪುಟ್ಟ ಚೌಕ. ಚೌಕದ ಬಣ್ಣ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಸರಿಯಿದೆ. ಎರಡೂ ಒಂದೇ ಬಣ್ಣವಾಗಿದ್ದರೆ ಅಥವಾ ಚೌಕವೇ ಕಪ್ಪಾಗಿದ್ದರೆ ಲಸಿಕೆಗೆ ಬಿಸಿ ತಗುಲಿದೆ, ಹಾಕಿಸಬೇಡಿ. ಪುಡಿ ಲಸಿಕೆಯಲ್ಲಿ ಈ ಗುರುತು ಮುಚ್ಚಳದ ಕಡೆ ಇರುವುದರಿಂದ ತೆರೆಯುವ ಮೊದಲೇ ನೋಡಬೇಕು. ಸಿರಿಂಜಿನ ಪೊಟ್ಟಣವನ್ನು ನಿಮ್ಮೆದುರೇ ಹರಿಯಬೇಕು.

ಅರ್ಧ ಗಂಟೆ

ಸೂಜಿಯಾದ ಮೇಲೆ ಬಸ್ಸು ತಪ್ಪಿದರೂ ಸರಿ, ಅರ್ಧ ಗಂಟೆ ಅಲ್ಲೇ ಕೂಡಿ. ತೀವ್ರ ಅಲರ್ಜಿ ಆಗುವುದು ಸುಮಾರು ಹತ್ತು ಲಕ್ಷ ಡೋಸಿಗೆ ಒಂದು. ಆದರೆ ಆಗುವುದಿದ್ದರೆ, ಹೆಚ್ಚಾಗಿ ಈ ಹೊತ್ತಿನಲ್ಲೇ ಆಗುತ್ತದೆ. ಅದಕ್ಕೆ ಬೇಕಾದ ಅಡ್ರಿನಲಿನ್ ಇಂಜೆಕ್ಷನ್ ಅಲ್ಲೇ ಇರುತ್ತದೆ, ನಿಮ್ಮ ಮನೆಯಲ್ಲಿ ಇರುವುದಿಲ್ಲ.

ಮನೆಗೆ ಬಂದ ಮೇಲೆ

ಐದು ರೋಗಗಳನ್ನು ತಡೆಯುವ ಪೆಂಟಾ ಲಸಿಕೆ ಹಾಕಿಸಿದ ದಿನ ಜ್ವರ, ತೊಡೆಯಲ್ಲಿ ಬಾವು ಸಾಮಾನ್ಯ. ಒಂದೆರಡು ದಿನದಲ್ಲಿ ಇಳಿಯುತ್ತದೆ. ದಡಾರ–ರುಬೆಲ್ಲಾ ಹಾಕಿಸಿದ 7–12 ದಿನಗಳ ನಂತರ ಸಣ್ಣ ಜ್ವರ, ತೆಳು ಗುಳ್ಳೆ ಬಂದರೂ ಗಾಬರಿ ಬೇಡ. ಬಾವಿಗೆ ತಣ್ಣೀರಿನ ಬಟ್ಟೆ ಸಾಕು. ತಿಕ್ಕುವುದು, ಅರಿಶಿನ ಮೆತ್ತುವುದು, ಶಾಖ ಕೊಡುವುದು ಬೇಡ. ಬಿಸಿಜಿ ಹಾಕಿದ ಎಡತೋಳಿನಲ್ಲಿ ಕೆಲವು ವಾರಗಳ ನಂತರ ಏಳುವ ಗುಳ್ಳೆ ತಾನೇ ಒಡೆದು ಮಾಯುತ್ತದೆ.

ಪ್ಯಾರಾಸಿಟಮಾಲ್ ಅಳತೆಯಲ್ಲಿ ಎಡವುವವರು ಬಹಳ. ತೂಕದ ಪ್ರತಿ ಕೆ.ಜಿ.ಗೆ 10–15 ಮಿ.ಗ್ರಾಂ ಲೆಕ್ಕ. 8 ಕೆ.ಜಿ. ಕೂಸಿಗೆ 100 ಮಿ.ಗ್ರಾಂ ಎಂದರೆ, 1 ಮಿ.ಲೀ.ಗೆ 100 ಎಂದು ಬರೆದ ಡ್ರಾಪ್ಸಿನಲ್ಲಿ 1 ಮಿ.ಲೀ.; 5 ಮಿ.ಲೀ.ಗೆ 125 ಎಂದು ಬರೆದ ಸಿರಪ್ಪಿನಲ್ಲಿ 4 ಮಿ.ಲೀ. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಕುಡಿಸಿದರೆ ನಾಲ್ಕು ಪಟ್ಟು ಔಷಧ ಹೊಟ್ಟೆಗೆ ಹೋಯಿತು. ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ಆರು ಗಂಟೆ ಅಂತರವಿರಲಿ. ಎರಡು–ಮೂರು ತಿಂಗಳ ಕೂಸಾದರೆ ಡಾಕ್ಟರರನ್ನು ಕೇಳದೆ ಕೊಡಲೇಬೇಡಿ.

108ಕ್ಕೆ ಫೋನ್ ಮಾಡಬೇಕಾದದ್ದು

ಸೂಜಿಯಾದ ಕೆಲವೇ ಗಂಟೆಗಳಲ್ಲಿ ಜ್ವರ ಏರಿ, ವಾಂತಿ ಮತ್ತು ನೀರಿನಂಥ ಭೇದಿ ಒಟ್ಟಿಗೆ ಶುರುವಾದರೆ ಬೆಳಗಾಗಲಿ ಎಂದು ಕಾಯಬೇಡಿ. ಕಲುಷಿತ ಬಾಟಲಿಯ ವಿಷ ಏರುವುದು ಹೀಗೆಯೇ. ಅದಕ್ಕೆ ಆಸ್ಪತ್ರೆಯೇ ಬೇಕು. ಮೂರು ಗಂಟೆ ದಾಟಿದರೂ ನಿಲ್ಲದ ಅಳು, ಫಿಟ್ಸ್, ಕೂಸು ಜೋತುಬೀಳುವುದು, ಮುಖ ಊದಿ ಉಸಿರು ಕಟ್ಟುವುದು, ಇವಕ್ಕೂ ತಕ್ಷಣ ಹೊರಡಿ. ಆಶಾ ಕಾರ್ಯಕರ್ತೆಗೂ ತಿಳಿಸಿ. ಅದೇ ಬಾಟಲಿಯ ಡೋಸ್ ಬೇರೆ ಕೂಸುಗಳಿಗೂ ಹೋಗಿರುತ್ತದೆ.

ಡೋಸ್ ತಪ್ಪಿದ್ದರೆ

ಕಬ್ಬು ಕಡಿಯುವ ಗ್ಯಾಂಗಿನ ಜೊತೆ ತಿಂಗಳುಗಟ್ಟಲೆ ಊರು ಬಿಡುವ ಮನೆಗಳಲ್ಲಿ ಇದು ಪ್ರತಿ ಹಂಗಾಮಿನ ಮಾತು. ಮೊದಲಿನಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರಾಯಿತು. ಕಾರ್ಖಾನೆ ಯಾವ ಊರಿನದೇ ಇರಲಿ, ಅಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲೇ ಪುಕ್ಕಟೆ ಹಾಕುತ್ತಾರೆ. ನಮ್ಮಲ್ಲಿ ಗುರುವಾರ ಲಸಿಕೆಯ ದಿನ. ಬೇರೆ ಕಡೆ ಯಾವ ವಾರವೆಂದು ಹೋದ ಕೂಡಲೇ ವಿಚಾರಿಸಿ. ದಡಾರ–ರುಬೆಲ್ಲಾದ ಎರಡನೇ ಡೋಸ್ 16–24 ತಿಂಗಳಲ್ಲಿ ಬೀಳಬೇಕು, ಮೊದಲನೆಯದೊಂದೇ ಎಲ್ಲ ಮಕ್ಕಳನ್ನೂ ಕಾಯುವುದಿಲ್ಲ. ತಾಯಿ ಕಾರ್ಡಿನ ಫೋಟೊ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಗುಡಿಸಲಿನಲ್ಲಿ ನೀರು ಬಿದ್ದ ಕಾರ್ಡಿನಲ್ಲಿ ತಾರೀಖು ಓದಲು ಬರುವುದಿಲ್ಲ.