ಪಾಕದ ಎಳೆ, ಬ್ಯಾಕ್ಟೀರಿಯಾದ ಎಳೆ

ಮಂಡ್ಯದ ಹತ್ತಿರ ನಮ್ಮದೊಂದು ಆಲೆಮನೆ ಇತ್ತು. ಅಪ್ಪ ಕೊಪ್ಪರಿಗೆಯ ಪಾಕವನ್ನು ಬೆರಳಲ್ಲಿ ಎಳೆದು ನೋಡಿ ಹದ ಹೇಳುತ್ತಿದ್ದರು. ಬಣ್ಣ ನೋಡಿ ನಂಬಬೇಡ ಮಗಾ, ಎಳೆ ನೋಡು ಅನ್ನುತ್ತಿದ್ದರು.

ಈಗ ಮೈಸೂರಿನಲ್ಲಿ ಬ್ಯಾಕ್ಟೀರಿಯಾಗಳ ಕುಲ, ಪ್ರಭೇದ ಗುರುತಿಸುವುದೇ ನನ್ನ ಕೆಲಸ. ನಾನು ಮೊದಲು ಬೆಳೆಸಿದ್ದು ನಮ್ಮ ಕಬ್ಬಿನ ಗದ್ದೆ ಮಣ್ಣಿನ ಬ್ಯಾಕ್ಟೀರಿಯಾ. ಆಗ ಎಂ.ಎಸ್ಸಿ. ಓದುತ್ತಿದ್ದೆ. ಪ್ಲೇಟಿನ ಮೇಲೆ ಬಿಳಿ, ಒಣಕಲು, ಅಂಚು ಸುಕ್ಕಾದ ಕಾಲೊನಿ, ಅಂದ್ರೆ ಬ್ಯಾಕ್ಟೀರಿಯಾಗಳ ಗುಂಪು, ಬಂತು. ಮೂರು ಸಲ ಸ್ಟ್ರೀಕ್ ಮಾಡಿ, ಅಂದ್ರೆ ಹೊಸ ಪ್ಲೇಟಿನ ಮೇಲೆ ಗೀಚಿ ಬೆಳೆಸಿ, ಶುದ್ಧ ಕಲ್ಚರ್ ಮಾಡಿಕೊಂಡೆ. ಗ್ರಾಮ್ ಸ್ಟೇನ್ ಅನ್ನೋ ಬಣ್ಣದ ಪರೀಕ್ಷೆಯಲ್ಲಿ ನೇರಳೆ ಉಳಿದರೆ ಗ್ರಾಮ್ ಪಾಸಿಟಿವ್, ಅದು ತೊಳೆದು ಹೋಗಿ ಗುಲಾಬಿ ಆದರೆ ಗ್ರಾಮ್ ನೆಗೆಟಿವ್. ಮಾಡಿದರೆ ಕೋಲಿನಂಥ ಕೋಶಗಳು, ಗುಲಾಬಿ ಬಣ್ಣ. ಗ್ರಾಮ್ ನೆಗೆಟಿವ್ ಎಂದು ಬರೆದುಕೊಂಡೆ. ಎರಡು ವಾರ ಅದೇ ಜಾಡಿನಲ್ಲಿ ಪರೀಕ್ಷೆ ಮಾಡಿದೆ. ಯಾವ ಕುಲಕ್ಕೂ ಹೊಂದಲಿಲ್ಲ.

"ಕಲ್ಚರ್ ಎಷ್ಟು ದಿನದ್ದಮ್ಮ?" ಅಂತ ನಮ್ಮ ಮೇಡಂ ಕೇಳಿದರು.

"ನಾಲ್ಕು ದಿನದ್ದು ಮೇಡಂ."

ಅವರು ಸ್ಲೈಡಿನ ಮೇಲೆ 3% ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಹನಿ ಇಟ್ಟು, ಕಾಲೊನಿ ಕಲಸಿ, ಕಲಸಿದ ತಂತಿಯ ಲೂಪನ್ನು ಮೆಲ್ಲಗೆ ಮೇಲೆತ್ತಿದರು. ಗ್ರಾಮ್ ನೆಗೆಟಿವ್ ಆಗಿದ್ದರೆ ಕೋಶ ಒಡೆದು ಡಿಎನ್ಎ ಹೊರಬಂದು, ಪಾಕದ ಹಾಗೆ ಎಳೆ ಬರುತ್ತದೆ. ನನ್ನದರಲ್ಲಿ ಎಳೆ ಬರಲೇ ಇಲ್ಲ. ಅಂದ್ರೆ ಅದು ಗ್ರಾಮ್ ಪಾಸಿಟಿವ್. ಹಳೇ ಕೋಶಗಳ ಗೋಡೆ ಸೊರಗಿ, ಆಲ್ಕೋಹಾಲ್ ಹಾಕಿದಾಗ ನೇರಳೆ ಬಣ್ಣ ತೊಳೆದು ಹೋಗಿತ್ತು. ಹಳೇ ಸ್ಲೈಡ್ ಮತ್ತೆ ನೋಡಿದೆ. ಕೋಶಗಳೊಳಗೆ ಬಣ್ಣ ಹಿಡಿಯದ ಚುಕ್ಕೆಗಳಿದ್ದವು. ಅವು ಸ್ಪೋರ್‌ಗಳು, ಕಷ್ಟಕಾಲಕ್ಕೆ ಕೋಶ ಮಾಡಿಕೊಳ್ಳುವ ಗಟ್ಟಿ ಬೀಜದಂಥವು, ಗ್ರಾಮ್ ಪಾಸಿಟಿವ್ ಅನ್ನೋದಕ್ಕೆ ಸುಳಿವು! ಮೊದಲ ದಿನವೇ ಕಂಡಿದ್ದವು, ಸುಮ್ನೆ ಬಿಟ್ಟಿದ್ದೆ. ಮರುದಿನ ಒಂದೇ ದಿನದ ಹೊಸ ಕಲ್ಚರ್ ತೆಗೆದು ಸ್ಟೇನ್ ಮಾಡಿದೆ, ಅಚ್ಚ ನೇರಳೆ ಬಂತು.

ಈಗ ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುವ 16ಎಸ್ ಅನ್ನೋ ಜೀನಿನ ಸುಮಾರು 1,500 ಡಿಎನ್ಎ ಅಕ್ಷರ ಓದಿಸುತ್ತೇವೆ. ಗೊತ್ತಿರುವ ಪ್ರಭೇದಗಳ ಜೊತೆ ಹೋಲಿಕೆ 98.7%ಗಿಂತ ಕಡಿಮೆ ಬಂದರೆ ಹೊಸ ಪ್ರಭೇದ ಇರಬಹುದು. ಜಾಸ್ತಿ ಬಂದರೆ ಹಳೆಯದೇ ಅಂತ ಹೇಳಲಾಗದು. ಬ್ಯಾಸಿಲಸ್ ಕುಲದಲ್ಲಿ ಬೇರೆ ಬೇರೆ ಪ್ರಭೇದಗಳೂ 99%ಗಿಂತ ಹೆಚ್ಚು ಹೋಲುತ್ತವೆ. ಆಗ ಇಡೀ ಜೀನೋಮ್ ಹೋಲಿಸಬೇಕು. ಅಲ್ಲಿ ಪ್ರಭೇದಗಳ ನಡುವಿನ ಗೆರೆ ಇರುವುದು 95ರಿಂದ 96% ಹತ್ತಿರ. ಹೊಸ ಹೆಸರು ಇಡಬೇಕಾದರೆ ಜೀವಂತ ಕಲ್ಚರನ್ನು ಎರಡು ದೇಶಗಳ ಸಂಗ್ರಹಗಳಿಗೆ ಕೊಡಬೇಕು. ಈ ನಿಯಮ ನನಗೆ ತುಂಬಾ ಇಷ್ಟ. ಬರೀ ಕಾಗದದ ಮೇಲಿನ ಹೆಸರನ್ನು ಯಾರು ಪರೀಕ್ಷೆ ಮಾಡಲಾದೀತು, ಅಲ್ವಾ?

ನನ್ನದು ಬ್ಯಾಸಿಲಸ್ ಸಬ್ಟಿಲಿಸ್ ಬಳಗದ್ದು. 1872ರಲ್ಲೇ ಜರ್ಮನ್ ವಿಜ್ಞಾನಿ ಫರ್ಡಿನಾಂಡ್ ಕೋನ್ ಇಟ್ಟ ಹೆಸರು. ಆದರೂ ಅದನ್ನು ಬಿಸಾಡಲಿಲ್ಲ. ಗ್ಲಿಸರಾಲ್ ಹಾಕಿ, ಮೈನಸ್ 80 ಡಿಗ್ರಿಯಲ್ಲಿ ಇಟ್ಟಿದ್ದೇನೆ. ಪ್ರತಿ ವರ್ಷ ಹೊಸ ಮಕ್ಕಳು ಬಂದಾಗ ಅದನ್ನೇ ಬೆಳೆಸಿ, ನಾಲ್ಕು ದಿನದ್ದೊಂದು, ಒಂದು ದಿನದ್ದೊಂದು ಕೊಟ್ಟು ಸ್ಟೇನ್ ಮಾಡಿಸುತ್ತೇನೆ.