ಅನಿಸಿದ್ದೆಷ್ಟು, ಕಂಡಿದ್ದೆಷ್ಟು

ಅಪ್ಪನ ಬಗ್ಗೆ ಬರೆದ ಪ್ರಬಂಧ ಕೊನೆಗೂ ಅಚ್ಚಾಯಿತು. ಸುಮಾರು ಎರಡು ವರ್ಷ, ಆರೋ ಏಳೋ ಕರಡು. ನನಗೆ ಅನಿಸಿದ್ದೆಷ್ಟು, ಕಣ್ಣಾರೆ ಕಂಡಿದ್ದೆಷ್ಟು ಅಂತ ಲೆಕ್ಕ ಹಾಕಿ ತಿದ್ದಿದ್ದು. "ಲೆಕ್ಕ ಹಾಕ್ಕೊಂಡು ಬರೆಯೋಕಾಗಲ್ಲ ಕಣೇ" ಅಂತ ನಮ್ಮ ಭಾನುವಾರದ ಬರವಣಿಗೆ ಗುಂಪಿನಲ್ಲಿ ಎಲ್ಲರೂ ಹೇಳಿದ್ದರು. ಈಗ ಅವರಲ್ಲೇ ಇಬ್ಬರು ಅದೇ ಲೆಕ್ಕ ಹಾಕುತ್ತಿದ್ದಾರೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲ ಕರಡು ಹದಿನಾಲ್ಕು ಪುಟ. ಪೂರ್ತಿ ನನ್ನ ದುಃಖ. ಸಂಪಾದಕರೊಬ್ಬರು ವಾಪಸ್ ಕಳಿಸುವಾಗ ಅಂಚಿನಲ್ಲಿ ಒಂದೇ ಪ್ರಶ್ನೆ ಬರೆದಿದ್ದರು: "ಇದರಲ್ಲಿ ಅಪ್ಪ ಎಲ್ಲಿ?" ಎರಡು ವಾರ ಪೆನ್ನು ಮುಟ್ಟಲಿಲ್ಲ.

ಆಮೇಲೆ ಕಂಡಕಂಡಲ್ಲಿ 'ನಾನು' ಹೊಡೆದುಹಾಕಿದೆ. ಏನೂ ಉಪಯೋಗ ಆಗಲಿಲ್ಲ. ಕನ್ನಡದಲ್ಲಿ 'ನಾನು' ತೆಗೆದರೂ ಹೋದೆ, ಕುಸಿದೆ, ನೋಡಿದೆ ಅಂತ ಕ್ರಿಯಾಪದದ ಬಾಲದಲ್ಲಿ ನಾನೇ ಕೂತಿರುತ್ತೇನೆ, ಅಲ್ವಾ? ಎಣಿಸಬೇಕಾದ ಪದ ಬೇರೆ ಇತ್ತು: 'ಅನಿಸಿತು'. ಅದರ ಅಕ್ಕತಂಗಿಯರೂ ಸೇರಿ, ನೆನಪಾಯಿತು, ಮನಸ್ಸು ಭಾರವಾಯಿತು, ಎಲ್ಲ ಲೆಕ್ಕ ಹಾಕಿದರೆ ಐವತ್ತರ ಮೇಲೆ.

ಒಂದು ಕಾರ್ಯಾಗಾರಕ್ಕೆ 4,500 ರೂಪಾಯಿ ಕಟ್ಟಿದೆ. "ಹೊರಗೆ ನೋಡಿ" ಅಂದರು. ಸರಿ, ಮೂರು ತಿಂಗಳು ಪ್ರತಿ ಶನಿವಾರ ಬಸ್ ಪಾಸ್ ತಗೊಂಡು ಊರೆಲ್ಲ ಸುತ್ತಿದೆ. ಕೆ.ಆರ್. ಮಾರ್ಕೆಟ್ಟಿನಲ್ಲಿ ಬೆಳಗಿನ ಜಾವ ಸೇವಂತಿಗೆ ಮೂಟೆ ಇಳಿಸೋದು, 1882ರ ಸ್ಯಾಂಕಿ ಕೆರೆ, ಸುಮಾರು 300 ಕೋಟಿ ವರ್ಷ ಹಳೆಯ ಲಾಲ್‌ಬಾಗ್ ಬಂಡೆ, ಎಲ್ಲ ಬರೆದೆ. ಚೆನ್ನಾಗಿಯೇ ಬರೆದೆ. ಆದರೆ ಆ ಬಂಡೆಗೂ ಅಪ್ಪನಿಗೂ ಏನು ಸಂಬಂಧ ಅಂದರೆ ಉತ್ತರ ಇರಲಿಲ್ಲ. ಒಂದು ಪ್ಯಾರಾ ಒಳಗೆ, ಒಂದು ಪ್ಯಾರಾ ಹೊರಗೆ ಅಂತಲೂ ಮಾಡಿ ನೋಡಿದೆ. ಜಡೆ ಹೆಣೆದ ಹಾಗೆ ಕಂಡಿತು, ಅಷ್ಟೇ. ಪಾಸು, ಕಾಫಿ, ಕಾರ್ಯಾಗಾರ ಎಲ್ಲ ಸೇರಿ ಏಳು ಸಾವಿರ ಹೋಗಿರಬೇಕು.

ದಾರಿ ಸಿಕ್ಕಿದ್ದು ಚಿಕ್ಕಪೇಟೆಯ ಗಲ್ಲಿಯೊಂದರ ವಾಚ್ ರಿಪೇರಿ ಅಂಗಡಿಯಲ್ಲಿ. ಅಪ್ಪನದು ಎಚ್‌ಎಂಟಿ ಜನತಾ, ದಿನಾ ಕೀ ಕೊಡುವ ವಾಚು. ಎಚ್‌ಎಂಟಿಯವರು ವಾಚು ಮಾಡೋಕೆ ಶುರು ಮಾಡಿದ್ದು 1961ರಲ್ಲಿ, ನಮ್ಮ ಬೆಂಗಳೂರಿನಲ್ಲೇ. ನನ್ನ ಕರಡಿನಲ್ಲಿ ಒಂದು ಸಾಲಿತ್ತು: "ಅಪ್ಪ ಯಾವುದನ್ನೂ ಜೋಪಾನ ಮಾಡಿದವರಲ್ಲ ಅನಿಸಿತು." ಅಂಗಡಿಯವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಿಂದಿನ ಮುಚ್ಚಳ ತೆಗೆದರು. ಮುಚ್ಚಳದ ಒಳಮೈ ತಿರುಗಿಸಿ ಬೆಳಕಿಗೆ ಹಿಡಿದರು.

"ನೋಡಿ ಮೇಡಂ, ನಾಲ್ಕು ಸಲ ಸರ್ವಿಸ್ ಮಾಡಿಸಿದ್ದಾರೆ."

ಕೂದಲೆಳೆಯಷ್ಟು ಸಣ್ಣ ಗೀರುಗಳು. 84, 91, 97, 03. ರಿಪೇರಿ ಮಾಡಿದವರು ತಮ್ಮ ಗುರುತಿಗೆ ಹಾಗೆ ಗೀರಿಡುತ್ತಾರಂತೆ. 97ರಲ್ಲಿ ನಮ್ಮ ಮನೆಯಲ್ಲಿ ಬಾಡಿಗೆಗೇ ದುಡ್ಡಿರಲಿಲ್ಲ. ಆ ವರ್ಷವೂ ಮಾಡಿಸಿದ್ದಾರೆ. ರಿಪೇರಿಗೆ 600 ಕೊಟ್ಟು, ಆ ಸಾಲನ್ನು ಹೊಡೆದುಹಾಕಿದೆ.

ಅಲ್ಲಿಂದ ಪದ್ಧತಿ ಬದಲಾಯಿತು. ಸುಮ್ನೆ ಹೊರಗೆ ಹೋಗಲ್ಲ. ಪ್ರತಿ 'ಅನಿಸಿತು' ಪಕ್ಕದಲ್ಲಿ, ಇದನ್ನು ಸುಳ್ಳು ಮಾಡಬಲ್ಲ ವಸ್ತು ಯಾವುದು, ಗೊತ್ತಿರುವವರು ಯಾರು ಅಂತ ಬರೆಯುತ್ತೇನೆ. ಅಲ್ಲಿಗೇ ಹೋಗುತ್ತೇನೆ. ಸುಳ್ಳಾದರೆ ಸಾಲು ಸಾಯುತ್ತೆ. ನಿಜವಾದರೆ 'ಅನಿಸಿತು' ತೆಗೆದು, ಕಂಡಿದ್ದನ್ನಷ್ಟೇ ಇಡುತ್ತೇನೆ. ಎರಡೂ ಅಲ್ಲದವು ಕೆಲವೇ ಉಳಿಯುತ್ತವೆ. ಅವೇ ನನ್ನ ಸ್ವಂತ ಒಳಗಿನ ಮಾತು. ಅವನ್ನು ಧೈರ್ಯವಾಗಿ ಬಿಡುತ್ತೇನೆ. ಅಚ್ಚಾದಾಗ ಐದೂವರೆ ಪುಟ, 'ಅನಿಸಿತು' ನಾಲ್ಕೇ. ಅವನ್ನು ಪುಟದಲ್ಲಿ ಎಲ್ಲಿ ಕೂರಿಸುತ್ತೇನೆ ಅನ್ನೋದು ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ 'ನಾನು' ಬದಲು 'ಅವಳು' ಅಂತಲೂ ಬರೆದು ನೋಡಿದೆ. ತಿದ್ದುವಾಗ ಬಹಳ ಸಹಾಯ, ತಪ್ಪು ಬೇಗ ಕಾಣುತ್ತೆ. ಅಚ್ಚಿಗೆ ಕೊಡುವಾಗ ಮತ್ತೆ 'ನಾನು' ಮಾಡಬೇಕು. ಮೆಟ್ರೋದಲ್ಲಿ ಫೋನಿಗೆ ಹೇಳಿ ರೆಕಾರ್ಡ್ ಮಾಡೋದು ನನಗೆ ಒಗ್ಗಲಿಲ್ಲ. ಬಾಯಲ್ಲಿ ಅನಿಸಿದ್ದೇ ಜಾಸ್ತಿ ಬರುತ್ತೆ.

ಸಂಭಾವನೆ 1,000 ಬಂತು. ಖರ್ಚು ಗಿಟ್ಟಲಿಲ್ಲ, ನಿಜ. ಆದರೆ ಅದೇ ಸಂಪಾದಕರು ಇನ್ನೊಂದು ಕೇಳಿದ್ದಾರೆ.

ಈಗ ಅಮ್ಮನದು ಶುರು ಮಾಡಿದ್ದೇನೆ. "ಅಮ್ಮನಿಗೆ ಗೆಳತಿಯರೇ ಇರಲಿಲ್ಲ ಅನಿಸುತ್ತದೆ" ಅಂತ ಮೊದಲ ಪುಟದಲ್ಲೇ ಇದೆ. ಮೂವತ್ತು ವರ್ಷ ಅವರು ರಾಗಿ ಬೀಸಿಸಲು ಹೋಗುತ್ತಿದ್ದ ಹಿಟ್ಟಿನ ಗಿರಣಿ ಇನ್ನೂ ಇದೆ. ಶನಿವಾರ ಅಲ್ಲಿಗೆ ಹೋಗುತ್ತಿದ್ದೇನೆ, ಅಮ್ಮನ ಹಳೇ ಡಬ್ಬಿ ಹಿಡಿದುಕೊಂಡು.