ಕುಂಕುಮ ಬಣ್ಣದ ಕಾರ್ಡು, ಚಿನ್ನದ ಕನ್ನಡ: ಗ್ರ್ಯಾಜುಯೇಷನ್ ಆಮಂತ್ರಣ ಮನೆಯಲ್ಲೇ ಮಾಡಿದ ನನ್ನ ಅನುಭವ

"ಸುಮ್ನೆ ದುಡ್ಡು ಹಾಳು ಕಣ್ರೀ, ಆನ್‌ಲೈನಲ್ಲಿ ಆರ್ಡರ್ ಮಾಡ್ಬಿಡಿ" ಅಂತ ಹೇಳಿದ್ದು ಕಾರ್ಡ್ ಕೆಲಸ ಗೊತ್ತಿಲ್ಲದವರಲ್ಲ, ಇಲ್ಲಿ ಹ್ಯೂಸ್ಟನ್ನಿನಲ್ಲಿ ನನಗಿಂತ ಮೊದಲೇ ಫಾಯಿಲ್ (ಅಕ್ಷರಕ್ಕೆ ಅಂಟಿಸುವ ಚಿನ್ನದ ಬಣ್ಣದ ತೆಳು ಹಾಳೆ) ಹಿಡಿದು ಕೈಬಿಟ್ಟವರು. ಗಾಢ ಬಣ್ಣದ ಕಾರ್ಡಿನ ಮೇಲೆ ಸಣ್ಣ ಕನ್ನಡ ಅಕ್ಷರಕ್ಕೆ ಚಿನ್ನದ ಫಾಯಿಲ್ ಕೂರಲ್ಲ ಅಂತ ಅವರ ಲೆಕ್ಕ. ಕೂರುತ್ತೆ. 2025ರ ಮೇ ತಿಂಗಳಲ್ಲಿ ಮಗಳ ಹೈಸ್ಕೂಲ್ ಗ್ರ್ಯಾಜುಯೇಷನ್ ಪಾರ್ಟಿಗೆ ಅರವತ್ತು ಚಿಲ್ಲರೆ ಕಾರ್ಡು ಹಾಗೇ ಹೋದವು. ಈಗ ಅವರೇ ಫೋನ್ ಮಾಡಿ ಕೇಳುತ್ತಿದ್ದಾರೆ.

ಹಟಕ್ಕೆ ಕಾರಣ ದುಡ್ಡು. ಶಾಲೆಯ ಮೂಲಕ ಬಂದ ಆಮಂತ್ರಣದ ಪ್ಯಾಕೇಜು ಇನ್ನೂರು ಡಾಲರ್ ದಾಟುತ್ತಿತ್ತು, ಅದರಲ್ಲಿ ಕನ್ನಡದ ಒಂದಕ್ಷರವೂ ಇಲ್ಲ.

ಕೆಲಸ ಇಷ್ಟೇ: ಲೇಸರ್ ಪ್ರಿಂಟರಿನಲ್ಲಿ ಅಕ್ಷರ ಅಚ್ಚು ಮಾಡಿ, ಮೇಲೆ ಫಾಯಿಲ್ ಇಟ್ಟು ಬಿಸಿ ಲ್ಯಾಮಿನೇಟರಿನಲ್ಲಿ ಓಡಿಸಿದರೆ, ಟೋನರ್ (ಲೇಸರ್ ಪ್ರಿಂಟರಿನ ಪುಡಿ ಶಾಯಿ) ಕರಗಿ ಫಾಯಿಲನ್ನು ಹಿಡಿದುಕೊಳ್ಳುತ್ತೆ. ಇಂಕ್‌ಜೆಟ್ ಮೇಲೆ ಇದು ನಡೆಯಲ್ಲ. ನನ್ನನ್ನು ಸತಾಯಿಸಿದ್ದು ಕಾಗದ. ಬೆಂಗಳೂರಿಂದ ತಂದಿಟ್ಟಿದ್ದ ಕೈಕಾಗದ ನೋಡೋಕೆ ಎಷ್ಟು ಚೆಂದವೋ ಫಾಯಿಲ್‌ಗೆ ಅಷ್ಟೇ ವೈರಿ. ಉಬ್ಬಿದ ಕಡೆ ಮಾತ್ರ ಚಿನ್ನ ಹಿಡಿದು, ತಗ್ಗಿನಲ್ಲಿ ಟೋನರ್ ಹಾಗೇ ಉಳಿದು, ಅಕ್ಷರಗಳೆಲ್ಲ ಗೆದ್ದಲು ತಿಂದ ಹಾಗಿದ್ದವು. ಆಮೇಲೆ ನುಣುಪಾದ, ಕವರ್ ದರ್ಜೆಯ 110 ಪೌಂಡ್ ಕಾರ್ಡ್‌ಸ್ಟಾಕ್ ತಂದೆ, ಅಂದರೆ ಚದರ ಮೀಟರಿಗೆ ಸುಮಾರು 300 ಗ್ರಾಂ ತೂಗುವ ದಪ್ಪ ಕಾಗದ. ಪ್ರಿಂಟರ್ ಅರ್ಧ ನುಂಗಿ ನಿಂತುಬಿಡ್ತು. 80 ಪೌಂಡ್‌ಗೆ ಇಳಿದ ಮೇಲೆ, ಮ್ಯಾನುಯಲ್ ಫೀಡ್‌ನಲ್ಲಿ, "ದಪ್ಪ ಕಾಗದ" ಸೆಟ್ಟಿಂಗ್ ಇಟ್ಟಾಗ ದಾರಿಗೆ ಬಂತು. ಆ ಸೆಟ್ಟಿಂಗ್‌ನಲ್ಲಿ ಹಾಳೆ ನಿಧಾನ ಹೋಗುವುದರಿಂದ ಟೋನರ್ ಗಟ್ಟಿಯಾಗಿ ಕೂರುತ್ತೆ. ಬಣ್ಣ ಒಳಗಿನವರೆಗೂ ಇರುವ ಕಾಗದವನ್ನೇ ಕೊಳ್ಳಿ, ಇಲ್ಲದಿದ್ದರೆ ಕತ್ತರಿಸಿದ ಅಂಚಲ್ಲಿ ಬಿಳಿ ಗೆರೆ ಕಾಣುತ್ತೆ. ಗರಾಜಿನಲ್ಲಿ ಇಟ್ಟ ಕಟ್ಟು ಇಲ್ಲಿನ ತೇವಕ್ಕೆ ದೋಣಿಯಾಗಿತ್ತು. ಅದು ಕಸದ ಬುಟ್ಟಿಗೆ. ಕೆಟ್ಟ ಹಾಳೆಗಳಿಗೇ ಇಪ್ಪತ್ತೈದು ಡಾಲರ್ ಹತ್ತಿರ ಹೋಗಿರಬೇಕು.

ಲ್ಯಾಮಿನೇಟರ್ 5 ಮಿಲ್ ಬಿಸಿಯಲ್ಲಿ (ದಪ್ಪ ಪ್ಲಾಸ್ಟಿಕ್ ಹಾಳೆಗೆ ಇರುವ ಸೆಟ್ಟಿಂಗ್) ಇರಲಿ. ಹಸಿರು ದೀಪ ಹತ್ತಿತು ಅಂತ ತಕ್ಷಣ ತುರುಕಬೇಡಿ, ಇನ್ನೂ ಒಂದಷ್ಟು ಹೊತ್ತು ಕಾಯಲಿ. ಹಾಳೆಯನ್ನು ಬೇಕಿಂಗ್ ಪೇಪರ್ ಮಡಿಕೆಯೊಳಗೆ ಇಟ್ಟು ಓಡಿಸಿ. ಫಾಯಿಲ್ ಸುಲಿಯೋದು ಬಿಸಿ ಇದ್ದಾಗಲೋ ಆರಿದ ಮೇಲೋ ಅಂತ ಎಲ್ಲರೂ ಕೇಳುತ್ತಾರೆ. ಅದನ್ನು, ಮತ್ತೆ ಹಾಳೆಯ ಹಿಂದೆ ನಾನು ಇಡುವ ಅಡುಗೆಮನೆಯ ಒಂದು ಸಾಮಾನನ್ನು, ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ. ಅಲ್ಲಲ್ಲಿ ಚಿನ್ನದ ಧೂಳಿನಂಥ ಚುಕ್ಕೆ ಬಂದರೆ ಫಾಯಿಲನ್ನು ಬಯ್ಯಬೇಡಿ. ಪ್ರಿಂಟರ್ ಚೆಲ್ಲಿದ ಟೋನರ್ ಅದು, ಮೊದಲು ನಾಲ್ಕೈದು ಸಾದಾ ಹಾಳೆ ಓಡಿಸಿ.

ಕನ್ನಡದ ಕಥೆ ಬೇರೆ. ಡಿಸೈನ್ ಆ್ಯಪ್‌ನಲ್ಲಿ "ಪತ್ರಿಕೆ" ಅಂತ ಅಂಟಿಸಿದರೆ "ಪತ್‌ರಿಕೆ" ಆಗಿ ಕೂರುತ್ತಿತ್ತು. ನಾನು ಇಂಕ್‌ಸ್ಕೇಪಿನಲ್ಲಿ (ಉಚಿತ ಡ್ರಾಯಿಂಗ್ ತಂತ್ರಾಂಶ) ಟೈಪ್ ಮಾಡಿ, ಒತ್ತಕ್ಷರ ಸರಿಯಿದೆಯಾ ನೋಡಿ, ಅಕ್ಷರಗಳನ್ನು ಪಾತ್, ಅಂದರೆ ಬರೀ ಗೆರೆಯ ಆಕಾರ, ಮಾಡಿಬಿಟ್ಟೆ. ಆಮೇಲೆ ಯಾವ ಆ್ಯಪ್‌ಗೆ ಒಯ್ದರೂ ಒಡೆಯಲ್ಲ. ಇಂಗ್ಲಿಷ್ 10 ಪಾಯಿಂಟಿನಲ್ಲಿ ನಡೆದರೂ ಕನ್ನಡಕ್ಕೆ 14 ಬೇಕು. ಅದಕ್ಕಿಂತ ಸಣ್ಣದಾದರೆ "ಳ"ದ ಹೊಟ್ಟೆ, ಕೆಳಗಿನ ಒತ್ತಿನ ಸಂದು ಎಲ್ಲ ಫಾಯಿಲ್ ತುಂಬಿ ಮುಚ್ಚಿಹೋಗುತ್ತೆ. ಮಗಳ ಹೆಸರಿಗೆ "ಬಲೂ ತಮ್ಮ" ಫಾಂಟು, ಉಳಿದದ್ದಕ್ಕೆ "ನೋಟೋ ಸೆರಿಫ್ ಕನ್ನಡ" ಫಾಂಟು ಹಾಕಿದೆ.

ಮಧ್ಯೆ ನಮ್ಮತ್ತೆಯವರ ತಕರಾರು. "ಶುಭಕಾರ್ಯದ ಪತ್ರಿಕೆ ಕಣಮ್ಮಾ, ನಾಲ್ಕು ಮೂಲೆಗೂ ಅರಿಶಿನ ಬೇಡ್ವಾ?" ಬೇಕು ಸರಿ, ಆದರೆ ನೀರಲ್ಲಿ ಕಲಸಿ ಹಚ್ಚಿದರೆ ಲಕೋಟೆಗೂ ಹತ್ತುತ್ತೆ. ಚಿಟಿಕೆ ಸುಣ್ಣ ಸೇರಿಸಿದರೆ ಓಕುಳಿ ಕೆಂಪು, ಅದನ್ನು ಆಲೂಗಡ್ಡೆ ಅಚ್ಚಿನಲ್ಲಿ ಬಿಳಿ ಕಾರ್ಡಿಗೆ ಒತ್ತಿ ನೋಡಿದೆ. ಬಲು ಸೊಗಸು, ಆದರೆ ಕುಂಕುಮ ಬಣ್ಣದ ಮೇಲೆ ಕಾಣಲ್ಲ. ಬರೀ ಅರಿಶಿನ ಹಚ್ಚಿದ ಒಂದು ಕಾರ್ಡನ್ನು ಕಿಟಕಿ ಬಿಸಿಲಲ್ಲಿ ಇಟ್ಟಿದ್ದೆ, ಕೆಲವೇ ದಿನದಲ್ಲಿ ಹಳದಿ ಹಾರಿಹೋಯಿತು. ಕೊನೆಗೆ ಕಾರ್ಡಿನ ಹಿಂಬದಿಗೆ ಒಂದು ಬೊಟ್ಟು ಒಣ ಅರಿಶಿನ ತಿಕ್ಕಿ ಕೊಟ್ಟೆ, ಅತ್ತೆಯವರೂ ಒಪ್ಪಿದರು.

ಮಗಳಿಗೆ ಅರಗಿನ ಮುದ್ರೆ ಬೇಕಿತ್ತು. ಉಬ್ಬಿದ ಲಕೋಟೆ ಅಂಚೆಯ ಮಷೀನಿನಲ್ಲಿ ಸಾಗಲ್ಲ, ಪ್ರತಿಯೊಂದಕ್ಕೂ ಆಗ ಅರ್ಧ ಡಾಲರ್ ಹತ್ತಿರ ಹೆಚ್ಚುವರಿ. ಚೌಕ ಲಕೋಟೆಗೂ ಅದೇ ದಂಡ. ಹಾಗಾಗಿ ಮುದ್ರೆ ಬಿಟ್ಟು, 5x7 ಇಂಚಿನ ಕಾರ್ಡು, ಅದು ಕೂರುವ ಎ7 ಲಕೋಟೆ, ಲೆಟರ್ ಅಳತೆಯ ಹಾಳೆಗೆ ಎರಡೆರಡು ಕಾರ್ಡು. ತೂಕ ಒಂದು ಔನ್ಸಿನೊಳಗೇ ಇರುತ್ತೆ, ಸ್ಟಾಂಪ್ ಆಗ 73 ಸೆಂಟ್ (2025ರ ಜುಲೈಯಲ್ಲಿ 78 ಮಾಡಿದರು). ಕಾಗದ, ಲಕೋಟೆ, ಫಾಯಿಲ್, ಕೆಟ್ಟಿದ್ದು, ಅಂಚೆ ಎಲ್ಲ ಸೇರಿ ನೂರಾ ಹತ್ತು ಡಾಲರ್ ಆಸುಪಾಸು. ಲ್ಯಾಮಿನೇಟರ್ ಮಕ್ಕಳ ಪ್ರಾಜೆಕ್ಟ್ ಕಾಲದ್ದು, ಅದನ್ನು ಸೇರಿಸಿಲ್ಲ.

ಊರಿಗೆ ಆಗ ಸ್ಟಾಂಪ್ ಒಂದೂವರೆ ಡಾಲರಿಗೂ ಮೇಲಿತ್ತು, ಅದಕ್ಕೇ ದೊಡ್ಡವರ ಮನೆಗಳಿಗೆ ಮಾತ್ರ ಅಂಚೆ, ಉಳಿದವರಿಗೆ ವಾಟ್ಸ್ಆ್ಯಪ್. ಅದಕ್ಕೆ ಕಾರ್ಡನ್ನು ಸ್ಕ್ಯಾನ್ ಮಾಡಬೇಡಿ, ಚಿನ್ನವೆಲ್ಲ ಕಪ್ಪಾಗಿ ಬರುತ್ತೆ. ಬೆಳಗಿನ ಹೊತ್ತು ಕಿಟಕಿ ಪಕ್ಕ ಸ್ವಲ್ಪ ಓರೆಯಾಗಿ ಹಿಡಿದು ಫೋಟೋ ತೆಗೆಯಿರಿ, ಫ್ಲ್ಯಾಶ್ ಬೇಡ.